ನಮ್ಮ ಗೋದಲಿಯ 17 ಮೂರ್ತಿಗಳನ್ನು ರಿಪೇರಿಗೆ ಕೊಟ್ಟ ಅನುಭವ

ಕ್ರಿಸ್ಮಸ್‌ಗೆ ನಮ್ಮ ಇಗರ್ಜಿಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಮೂರ್ತಿ ಇಟ್ಟು ಮಾಡುತ್ತೇವೆ, ಅದಕ್ಕೆ ಗೋದಲಿ ಅನ್ನುತ್ತೇವೆ. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮೂರ್ತಿಗಳು 17. ಖರ್ಚು 9,000 ರೂಪಾಯಿ. ಹಿಡಿದದ್ದು 47 ದಿನ. ಹೇಳಿದ್ದಕ್ಕಿಂತ ಮೂರು ದಿನ ತಡವಾಯಿತು. ಆದರೂ ಈ ಕೆಲಸಕ್ಕೆ ನಾನು ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಳೆದೆ ಅನ್ನೋದನ್ನೂ ಬರೆಯುತ್ತೇನೆ. ನಮ್ಮ ಕಾಸರಗೋಡು ಕಡೆ ಹಳೆಯ ಗೋದಲಿ ಸೆಟ್ ಇರುವ ಇಗರ್ಜಿಗಳು ಎಷ್ಟೋ ಇವೆ. ಮನೆಗಳಲ್ಲೂ ಇವೆ. ಅವರಿಗೆ ಉಪಯೋಗವಾಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಅಡಿಕೆ ಕೃಷಿಕ. ನಮ್ಮ ವಾಡೊದ (ಇಗರ್ಜಿಯ ಒಂದು ವಾರ್ಡು) ಗುರ್ಕಾರ, ಅಂದರೆ ಮುಖ್ಯಸ್ಥ. ನಮ್ಮದು ಬದಿಯಡ್ಕ ಕಡೆಯ ಒಂದು ಚಿಕ್ಕ ಇಗರ್ಜಿ, 130 ಮನೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನಮ್ಮ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ, ಪಂಚಾಯತಿನಿಂದ ಬರುವ ಕಾಗದ ಮಲಯಾಳದಲ್ಲಿ. ಹತ್ತಿರದ ದೊಡ್ಡ ಇಗರ್ಜಿ ಬೇಳದ ಶೋಕಮಾತೆಯದ್ದು. 1890ರದ್ದು. ಅದರ ಗೋಪುರ ನೋಡಲು ದೂರದಿಂದ ಜನ ಬರುತ್ತಾರೆ. ನಮ್ಮಲ್ಲಿ ಹಾಗೆ ನೋಡುವಂಥದ್ದು ಕಟ್ಟಡ ಅಲ್ಲ. ನಮ್ಮಲ್ಲಿ ನೋಡುವಂಥದ್ದು ಗೋದಲಿ.

ಈ ಸೆಟ್ 1970ರ ದಶಕದಲ್ಲಿ ಆಗಿನ ಫಾದರ್ ಮಂಗಳೂರಿನಿಂದ ತರಿಸಿದ್ದು. ರೈಲಿನಲ್ಲಿ ಕುಂಬಳೆ ಸ್ಟೇಷನ್ನಿಗೆ ಬಂತು. ಅಲ್ಲಿಂದ ಜೀಪಿನಲ್ಲಿ ತಂದವರಲ್ಲಿ ನನ್ನ ಅಪ್ಪನೂ ಒಬ್ಬರು. ಒಂದೂವರೆ ಅಡಿ ಎತ್ತರದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು. ಸಾಯ್ಬಿಣ್ ಮಾಯ್ (ಮಾತೆ ಮರಿಯಮ್ಮ), ಜೋಸೆಫರು, ಬಾಳೊಕ್ ಜೆಜು (ಬಾಲಯೇಸು), ಮೂವರು ರಾಯರು (ರಾಜರು), ಇಬ್ಬರು ಕುರುಬರು, ಒಬ್ಬ ದೇವದೂತ, ಎತ್ತು, ಕತ್ತೆ, ಒಂಟೆ, ಐದು ಕುರಿ. ವರ್ಷದಲ್ಲಿ ಹೆಚ್ಚೆಂದರೆ ನಾಲ್ಕು ವಾರ ಹೊರಗೆ ಇರುತ್ತವೆ. ಉಳಿದ ದಿನ ಅಟ್ಟದ ಮೇಲೆ ಮರದ ಪೆಟ್ಟಿಗೆಯಲ್ಲಿ, ಬೈಹುಲ್ಲಿನ ನಡುವೆ, ಹಳೆಯ ರಾಕ್ಣೊ ಎಂಬ ಕೊಂಕಣಿ ಪತ್ರಿಕೆಯ ಹಾಳೆ ಸುತ್ತಿಕೊಂಡು.

ಹಾಳಾದದ್ದು ಅಲ್ಲೇ. ಮಳೆಗಾಲದಲ್ಲಿ ಹಂಚಿನ ಸಂದಿಯಿಂದ ನೀರು ಪೆಟ್ಟಿಗೆಗೆ ಇಳಿದಿದೆ. ಬೈಹುಲ್ಲು ಇದ್ದಲ್ಲಿಗೆ ಇಲಿ ಬಂದೇ ಬರುತ್ತದೆ. ಎತ್ತಿನ ಒಂದು ಕೊಂಬು ಹೋಗಿತ್ತು. ಒಬ್ಬ ಕುರುಬನ ಬೆರಳುಗಳು ಇರಲಿಲ್ಲ. ಜೋಸೆಫರ ಕೋಲು ಹಿಡಿದ ತೋಳಿನಲ್ಲಿ ಉದ್ದಕ್ಕೆ ಬಿರುಕು. ದೇವದೂತನ ಒಂದು ರೆಕ್ಕೆಯನ್ನು ತಂತಿ ಕಟ್ಟಿ ನಿಲ್ಲಿಸುತ್ತಿದ್ದೆವು. ಇದರ ಮೇಲೆ ಇನ್ನೊಂದು ಪೆಟ್ಟು. ಒಂಬತ್ತು ವರ್ಷ ಹಿಂದೆ ಕಿಟಕಿ ಬಾಗಿಲಿಗೆ ಪೇಂಟ್ ಹೊಡೆಯಲು ಬಂದಿದ್ದ ಒಬ್ಬರ ಕೈಯಲ್ಲಿ, ಉಳಿದ ಎನಾಮಲ್ ಪೇಂಟನ್ನೇ ಮೂರ್ತಿಗಳಿಗೆ ಹೊಡೆಸಿದ್ದೆವು. ಆ ವರ್ಷ ಹೊಳೆಯುತ್ತಿತ್ತು, ಎಲ್ಲರಿಗೂ ಖುಷಿಯಾಯಿತು. ಮರುವರ್ಷ ನೋಡಿದರೆ ಮುಖ ಮುಖದ ಹಾಗೆ ಇರಲಿಲ್ಲ. ದಪ್ಪ ಪೇಂಟು ಕಣ್ಣಿನ ರೆಪ್ಪೆ, ತುಟಿಯ ಗೆರೆ, ಬಟ್ಟೆಯ ನೆರಿಗೆ ಎಲ್ಲವನ್ನೂ ಮುಚ್ಚಿತ್ತು. ಮೂವರು ರಾಯರಿಗೂ ಒಂದೇ ಗುಲಾಬಿ ಬಣ್ಣ. ಎಲ್ಲರ ಕಣ್ಣೂ ನೇರ ಮುಂದಕ್ಕೆ ನೋಡುತ್ತಿತ್ತು. ಹೊಡೆಸಿದ್ದು ನಾವೇ. ಹಾಗಾಗಿ ಅವರ ಮೇಲೆ ನನಗೇನೂ ಬೇಜಾರಿಲ್ಲ.

ಹೋದ ವರ್ಷ ಸೆಪ್ಟೆಂಬರ್ ಮೀಟಿಂಗಿನಲ್ಲಿ ಹೊಸ ಸೆಟ್ ತರುವ ಮಾತು ಬಂತು. ಅಂಗಡಿಯಲ್ಲಿ ಕೇಳಿದ್ದೆವು. ಇದೇ ಎತ್ತರದ ಫೈಬರ್ ಸೆಟ್‌ಗೆ 32,000 ರೂಪಾಯಿ ಹೇಳಿದ್ದರು. ಫೈಬರ್ ಹಗುರ, ಬಿದ್ದರೂ ಒಡೆಯುವುದಿಲ್ಲ, ನೀರಿಗೂ ಹೆದರುವುದಿಲ್ಲ. ಯುವಕರು ಅದನ್ನೇ ತರೋಣ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಗ ಹಿಂದಿನ ಬೆಂಚಿನಲ್ಲಿದ್ದ ಒಬ್ಬರು ಅಜ್ಜಿ ಎದ್ದು ನಿಂತರು. ಅವರು ಮೀಟಿಂಗಿನಲ್ಲಿ ಮಾತಾಡಿದ್ದನ್ನು ನಾನು ಅಷ್ಟರವರೆಗೆ ಕೇಳಿರಲಿಲ್ಲ. "ಬಣ್ಣ ಹೋಗಿದ್ದರೆ ಬಣ್ಣ ಹಾಕಿ. ಮುಖ ಬದಲಿಸಬೇಡಿ. ನನ್ನ ಮಕ್ಕಳಿಗೆ ನಾನು ಆ ಮುಖ ತೋರಿಸಿಯೇ ಸಾಯ್ಬಿಣ್ ಮಾಯ್ ಅಂತ ಹೇಳಿಕೊಟ್ಟದ್ದು" ಅಂದು ಕೂತರು. ಫಾದರ್ ನನ್ನ ಕಡೆ ನೋಡಿದರು. ರಿಪೇರಿ ಆಗುತ್ತದಾ ಅಂತ ಮೊದಲು ವಿಚಾರಿಸುವ ಕೆಲಸ ನನಗೆ ಬಂತು.

ವಿಚಾರಿಸುತ್ತಾ ಹೋದಾಗ ಸಿಕ್ಕಿದವರು ಈ ಮಾಷ್ಟ್ರು. ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ, ಅಲ್ವಾ. ಸೀತಾಂಗೋಳಿ ದಾಟಿ ನೀರ್ಚಾಲು ಕಡೆ ಹೋಗುವಾಗ ಒಳಗಿನ ರಸ್ತೆಯಲ್ಲಿ ಅವರ ಮನೆ. ಚೌತಿಗೆ ಗಣಪತಿ, ನವರಾತ್ರಿಗೆ ಶಾರದೆ ಮಾಡುತ್ತಾರೆ. ಎಲ್ಲ ಮಣ್ಣಿನದ್ದೇ. ಜೊತೆಗೆ ಮಂಗಳೂರಲ್ಲಿ ಚಿತ್ರಕಲೆ ಕಲಿತು ಬಂದ ಮಗಳು ಇದ್ದಾರೆ. ನವರಾತ್ರಿ ಮುಗಿದ ಮೇಲೆ ಅವರಿಗೆ ಕೆಲಸ ಕಡಿಮೆ. ನಮಗೆ ಕೆಲಸ ಬೇಕಾದದ್ದು ಆ ಹೊತ್ತಿಗೇ.

ಅಕ್ಟೋಬರ್ 27ಕ್ಕೆ ಜೀಪಿನಲ್ಲಿ ಅಡಿಕೆ ಗೋಣಿ ಹಾಸಿ 17 ಮೂರ್ತಿಗಳನ್ನೂ ಒಯ್ದೆವು. ಅವರು ಕೆಲಸ ಮಾಡುವ ಜಾಗ ಮೊದಲು ದನದ ಕೊಟ್ಟಿಗೆಯಾಗಿತ್ತಂತೆ. ಈಗ ನೆಲಕ್ಕೆ ಸಿಮೆಂಟು, ಮೇಲೆ ಹಂಚು, ಮೂರು ಕಡೆ ಗಾಳಿ. ಒಂದು ಬದಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ ಮುರಕಲ್ಲಿನ ಗೋದಲಿ ಹಾಗೆಯೇ ಉಳಿದಿದೆ. ಅದರಲ್ಲಿ ಬ್ರಷ್ಷು, ಡಬ್ಬಿ ಇಟ್ಟಿದ್ದಾರೆ. ಬಾಳೊಕ್ ಜೆಜುವನ್ನು ಗೋಣಿಯಿಂದ ತೆಗೆದಾಗ ಮಾಷ್ಟ್ರು ಮಲಗಿಸಿದ್ದು ಅದರಲ್ಲೇ. ಹತ್ತಿರ ಇದ್ದ ಜಾಗ ಅದು, ಅಷ್ಟೆ. ನನಗೆ ಮಾತ್ರ ಆ ಕ್ಷಣದಲ್ಲಿ ಸರಿಯಾದ ಕಡೆಗೆ ಬಂದಿದ್ದೇವೆ ಅನಿಸಿತು.

ಅವರ ಕೆಲಸದಲ್ಲಿ ನನಗೆ ಮೊದಲು ಇಷ್ಟವಾದದ್ದು ಅವಸರ ಇಲ್ಲದ್ದು. ಒಂದೊಂದು ಮೂರ್ತಿಯನ್ನು ಮೇಜಿನ ಮೇಲಿಟ್ಟು ಉಗುರಿನಿಂದ ತಟ್ಟಿ ಕೇಳಿದರು. ಒಳಗೆ ಗಟ್ಟಿ ಇದ್ದಲ್ಲಿ ಒಂದು ಶಬ್ದ, ಪೊಳ್ಳಾದಲ್ಲಿ ಇನ್ನೊಂದು. ಶಾಲೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಮೂರ್ತಿಗೂ ಒಂದು ಪುಟ. ಅದರಲ್ಲಿ ಪೆನ್ಸಿಲಿನಲ್ಲಿ ಚಿತ್ರ ಬರೆದು, ಎಲ್ಲಿ ಒಡೆದಿದೆ ಅಂತ ಗುರುತು ಹಾಕಿದರು. ಮಗಳು ನಾಲ್ಕೂ ಕಡೆಯಿಂದ ಫೋಟೋ ತೆಗೆದು ನನ್ನ ಫೋನಿಗೂ ಕಳಿಸಿದರು. "ನಾಳೆ ಇದು ಮೊದಲೇ ಒಡೆದಿತ್ತಾ, ನಾವು ಒಡೆದದ್ದಾ ಅಂತ ಮಾತು ಬರಬಾರದು ಪೊರ್ಬುಲೇ" ಅಂದರು ಮಾಷ್ಟ್ರು. ಬೇರೆಯವರ ವಸ್ತುವನ್ನು ಕೈಗೆ ತೆಗೆದುಕೊಳ್ಳುವಾಗ ಹೀಗೇ ಇರಬೇಕು.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ. "ಇವರೆಲ್ಲ ಯಾರ ಕಡೆ ನೋಡುತ್ತಿದ್ದಾರೆ?"

ಮಗುವಿನ ಕಡೆ, ಅಂದೆ. "ಇಲ್ಲವಲ್ಲ. ಈಗ ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ" ಅಂದರು. ಸಾಯ್ಬಿಣ್ ಮಾಯ್‌ನ ಕತ್ತು ಬಾಗಿದೆ, ಕಣ್ಣು ಮಾತ್ರ ಎದುರಿಗೆ. ಕತ್ತು ಒಂದು ಕಡೆ ಹೋದರೆ ಕಣ್ಣು ಇನ್ನೊಂದು ಕಡೆ ಹೋಗುವುದಿಲ್ಲ, ಇದನ್ನು ಮಾಡಿದವರಿಗೆ ಅದು ಖಂಡಿತ ಗೊತ್ತಿತ್ತು, ಹಳೆಯ ಕಣ್ಣು ಈ ಪೇಂಟಿನ ಕೆಳಗೆ ಇರಲೇಬೇಕು ಅಂದರು. ಹೊಸ ಕಣ್ಣು ಬರೆಯುವ ಮೊದಲು ಹಳೆಯದನ್ನು ಹುಡುಕೋಣ ಅಂತ ಅಲ್ಲೇ ತೀರ್ಮಾನವಾಯಿತು. 32,000ದ ಹೊಸ ಸೆಟ್ ಬೇಡ ಅಂತ ನಾನು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದು ಆಗಲೇ.

ಮೊದಲ ಹತ್ತು ದಿನ ಏನೂ ಮಾಡಲಿಲ್ಲ. ಸುಮ್ನೆ ನೆರಳಿನಲ್ಲಿ ಗಾಳಿಗೆ ಇಟ್ಟರು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಜಿಪ್ಸಮ್ ಕಲ್ಲನ್ನು ಬಿಸಿಮಾಡಿ ಪುಡಿ ಮಾಡಿದ್ದು. ನೀರು ಬೆರೆಸಿದರೆ ಮತ್ತೆ ಕಲ್ಲಾಗುತ್ತದೆ. ಆದರೆ ಕಲ್ಲಾದ ಮೇಲೂ ಅದರಲ್ಲಿ ಸಣ್ಣ ಸಣ್ಣ ತೂತುಗಳು ಇರುತ್ತವೆ, ತೇವ ಎಳೆದುಕೊಳ್ಳುತ್ತದೆ. ಒದ್ದೆಯಾದ ಪ್ಲಾಸ್ಟರಿಗೆ ಶಕ್ತಿ ಕಡಿಮೆ. ಒಳಗೆ ತೇವ ಇರುವಾಗ ಮೇಲೆ ಪೇಂಟ್ ಹೊಡೆದರೆ ಆ ತೇವ ಹೊರಗೆ ಬರಲು ದಾರಿ ಹುಡುಕುತ್ತದೆ, ಪೇಂಟು ಗುಳ್ಳೆ ಎದ್ದು ಸಿಪ್ಪೆಯಾಗಿ ಬೀಳುತ್ತದೆ. ನಮ್ಮ ಕತ್ತೆಯ ಬೆನ್ನಿನಲ್ಲಿ ಆಗಿದ್ದು ಅದೇ.

ಜೋಸೆಫರ ತೋಳಿನ ಬಿರುಕಿಗೆ ಕಾರಣ ಬೇರೆ. ಒಳಗೆ ಆಧಾರಕ್ಕೆ ಹಾಕಿದ ಕಬ್ಬಿಣದ ಕಡ್ಡಿ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಕಬ್ಬಿಣ ಊದುತ್ತದೆ, ಸುತ್ತಲಿನ ಪ್ಲಾಸ್ಟರನ್ನು ಒಡೆಯುತ್ತದೆ. ಮನೆಯ ಸನ್‌ಶೇಡ್ ಒಡೆಯುವುದು ನೋಡಿದ್ದೀರಲ್ಲ, ಅದೇ ಕತೆ. ಮೇಲಿಂದ ಮೇಲೆ ಬಿರುಕು ಮುಚ್ಚಿದರೆ ಎರಡು ವರ್ಷದಲ್ಲಿ ಮತ್ತೆ ಬಿಡುತ್ತದೆ. ಮಾಷ್ಟ್ರು ಬಿರುಕನ್ನು ಇನ್ನೂ ಅಗಲ ಮಾಡಿ, ಕಡ್ಡಿಯ ತುಕ್ಕು ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಅದು ಒಣಗಿದ ಮೇಲೆ ಹೊಸ ಪ್ಲಾಸ್ಟರ್ ತುಂಬಿಸಿದರು. ತುಂಬಿಸುವ ಮೊದಲು ಹಳೆಯ ಅಂಚಿಗೆ ಬ್ರಷ್ಷಿನಲ್ಲಿ ನೀರು ಹಚ್ಚಿದರು. ಇಲ್ಲದಿದ್ದರೆ ಒಣಗಿದ ಹಳೆಯ ಪ್ಲಾಸ್ಟರು ಹೊಸದರ ನೀರನ್ನೆಲ್ಲ ಕುಡಿದುಬಿಡುತ್ತದೆ, ಹೊಸದು ಗಟ್ಟಿಯಾಗುವುದಿಲ್ಲ, ಅಂಟುವುದೂ ಇಲ್ಲ. ರೆಕ್ಕೆಯ ಬುಡಕ್ಕೆ ತೆಂಗಿನ ನಾರು ಸೇರಿಸಿ ಹಾಕಿದರು. ಬೆರಳುಗಳಿಗೆ ಎಂ-ಸೀಲ್ ಅಂಟು. ಅಷ್ಟು ಸಣ್ಣದಕ್ಕೆ ಪ್ಲಾಸ್ಟರು ನಿಲ್ಲುವುದಿಲ್ಲವಂತೆ.

ಎನಾಮಲ್ ತೆಗೆಯುವುದು ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದ ಕೆಲಸ. ಅದನ್ನು ಮಗಳು ಮಾಡಿದರು. ಪೇಂಟ್ ರಿಮೂವರ್ ಹತ್ತಿಯಲ್ಲಿ ಹಚ್ಚುವುದು, ಮೆತ್ತಗಾದದ್ದನ್ನು ಸಣ್ಣ ಬ್ಲೇಡಿನಲ್ಲಿ ಎಬ್ಬಿಸುವುದು, ಒರೆಸುವುದು. ಒಮ್ಮೆಗೆ ಹೆಬ್ಬೆಟ್ಟಿನಷ್ಟು ಜಾಗ. ಮೂರ್ತಿಗೆ ಎರಡು ದಿನ, ಮುಖಕ್ಕೇ ಅರ್ಧ ದಿನ. ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ನವೆಂಬರ್ ನಡುವಿನ ಒಂದು ಸಂಜೆ ಹೋದಾಗ ಅವರು ಏನೂ ಹೇಳದೆ ಸಾಯ್ಬಿಣ್ ಮಾಯ್‌ನ ಮುಖವನ್ನು ನನ್ನ ಕಡೆ ತಿರುಗಿಸಿದರು. ಕಣ್ಣು ಕೆಳಗೆ ನೋಡುತ್ತಿತ್ತು. ಕಂದು ಬಣ್ಣದ ರೆಪ್ಪೆ, ಅದರ ಕೆಳಗೆ ಒಂದು ಸಣ್ಣ ಗೆರೆಯಷ್ಟು ಕಣ್ಣು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮುಖ ಅದು. ನಾನು ಫೋಟೋ ತೆಗೆದು ಆ ಅಜ್ಜಿಯ ಮೊಮ್ಮಗನಿಗೆ ಕಳಿಸಿದೆ.

ರಾಯರಲ್ಲಿ ಒಬ್ಬರ ಮುಖ ಕಪ್ಪು ಅಂತ ಗೊತ್ತಾದದ್ದೂ ಹಾಗೆಯೇ. ಗುಲಾಬಿ ಪೇಂಟಿನ ಕೆಳಗೆ ಚಂದದ ಗಾಢ ಕಂದು ಬಣ್ಣ. ಮೂವರು ರಾಯರಿಗೆ ಗಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಅಂತ ಹೆಸರಿಟ್ಟದ್ದು, ಒಬ್ಬರನ್ನು ಕಪ್ಪಾಗಿ ತೋರಿಸುವುದು ಎಲ್ಲ ಮುಂದೆ ಬಂದ ಸಂಪ್ರದಾಯ. ಮತ್ತಾಯನ ಸುವಾರ್ತೆಯಲ್ಲಿ ಪೂರ್ವದಿಂದ ಬಂದ ಜ್ಞಾನಿಗಳು ಅಂತ ಮಾತ್ರ ಇದೆ, ಎಷ್ಟು ಜನ ಅಂತಲೂ ಇಲ್ಲ. ಕಾಣಿಕೆ ಮೂರು ಅಂತ ಇದೆ: ಚಿನ್ನ, ಧೂಪ, ರಕ್ತಬೋಳ. ಮಾಷ್ಟ್ರು ಇದನ್ನೆಲ್ಲ ಕೇಳಿ ತಿಳಿದುಕೊಂಡರು. ಕನ್ನಡ ಬೈಬಲ್ ಬೇಕು ಅಂದರು. ಕೊಟ್ಟೆ. ಲೂಕ 2ನೇ ಅಧ್ಯಾಯ, ಮತ್ತಾಯ 2ನೇ ಅಧ್ಯಾಯ ಎರಡನ್ನೂ ಓದಿದರು. ಓದಿ, "ಎತ್ತು ಕತ್ತೆ ಎರಡರಲ್ಲೂ ಇಲ್ಲವಲ್ಲ" ಅಂದರು. ನಿಜ. ಅವು ಬಂದದ್ದು ಹಳೆಯ ಒಡಂಬಡಿಕೆಯ ಯೆಶಾಯನ ಮೊದಲ ಅಧ್ಯಾಯದಿಂದ. ಎತ್ತಿಗೂ ಕತ್ತೆಗೂ ತಮ್ಮ ಒಡೆಯ ಯಾರು ಅಂತ ಗೊತ್ತು, ಜನರಿಗೆ ಗೊತ್ತಿಲ್ಲ ಅನ್ನುವ ಮಾತು ಅಲ್ಲಿದೆ. 1223ರಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ಮೊದಲ ಸಲ ಗೋದಲಿ ಮಾಡಿದಾಗ ಮೂರ್ತಿಗಳೇ ಇರಲಿಲ್ಲ. ಬೈಹುಲ್ಲು ತುಂಬಿದ ಗೋದಲಿ, ಜೀವ ಇರುವ ಒಂದು ಎತ್ತು, ಒಂದು ಕತ್ತೆ. ಅಷ್ಟೇ. ಇದನ್ನು ಹೇಳಿದಾಗ ಮಾಷ್ಟ್ರು ಬಹಳ ಹೊತ್ತು ಆ ಎತ್ತನ್ನೇ ನೋಡುತ್ತಾ ಕೂತಿದ್ದರು.

ಎತ್ತಿನ ಕೊಂಬಿನ ವಿಷಯದಲ್ಲಿ ನಮಗೆ ಸಣ್ಣ ಚರ್ಚೆ ಆಯಿತು. ನಮ್ಮ ಊರಿನ ದನ ಅಂದರೆ ಕಾಸರಗೋಡು ಗಿಡ್ಡ, ಮೈ ಚಿಕ್ಕದು. ಗೋದಲಿಯ ಎತ್ತು ಯಾವುದೋ ಬೇರೆ ದೇಶದ್ದು, ದಪ್ಪ ಕತ್ತು, ದಪ್ಪ ಕೊಂಬು. ಹೇಗೂ ಒಂದು ಕೊಂಬು ಹೋಗಿದೆ, ಎರಡನ್ನೂ ನಮ್ಮ ಗಿಡ್ಡದ ಹಾಗೆ ಮಾಡಿದರೆ ಹೇಗೆ ಅಂತ ನಾನೇ ಆಸೆಯಿಂದ ಕೇಳಿದೆ. ಮಾಷ್ಟ್ರು ಒಪ್ಪಲಿಲ್ಲ. ಉಳಿದ ಒಂದು ಕೊಂಬು ಇರುವಾಗ ಅದೇ ಅಳತೆ, ಬೇರೆ ಮಾಡಬೇಕಾದರೆ ಹೊಸ ಎತ್ತು ಮಾಡಿ ಕೊಡುತ್ತೇನೆ, ಇದನ್ನು ಬದಲಿಸುವುದಿಲ್ಲ ಅಂದರು. ಆಗ ಸ್ವಲ್ಪ ಬೇಜಾರಾಯಿತು. ಈಗ ಅವರು ಮಾಡಿದ್ದೇ ಸರಿ ಅನಿಸುತ್ತದೆ.

ಬಣ್ಣದ ಬಗ್ಗೆಯೂ ಹೇಳಬೇಕು. ಪ್ಲಾಸ್ಟರ್ ಪೂರ್ತಿ ಒಣಗಿದ ಮೇಲೆ ಅರಗಿನ ವಾರ್ನಿಷ್ ಒಂದು ಕೈ, ಅದರ ಮೇಲೆ ಆಕ್ರಿಲಿಕ್ ಬಣ್ಣ, ಕೊನೆಗೆ ಹೊಳೆಯದ ವಾರ್ನಿಷ್. ಹಳೆಯ ಬಣ್ಣ ಗಟ್ಟಿ ಇದ್ದಲ್ಲಿ ಅದನ್ನು ಮುಟ್ಟಲಿಲ್ಲ. ಹೋದಲ್ಲಿ ಮಾತ್ರ ಅದೇ ಬಣ್ಣ ಬೆರೆಸಿ ಸೇರಿಸಿದರು. ಸಾಯ್ಬಿಣ್ ಮಾಯ್‌ನ ಮುಖದಲ್ಲಿ ಹೊಸ ಬಣ್ಣ ಬಹುಶಃ ಒಂದು ಚಮಚೆಯಷ್ಟೂ ಇಲ್ಲ. ಹೊಳಪು ಯಾಕೆ ಬೇಡ ಅಂತ ಕೇಳಿದ್ದಕ್ಕೆ ಮಗಳು ಬಲ್ಬ್ ಹಿಡಿದು ತೋರಿಸಿದರು. ಹೊಳೆಯುವ ಮುಖದ ಮೇಲೆ ಬೆಳಕು ಬಿದ್ದರೆ ಬೆಳಕೇ ಕಾಣುತ್ತದೆ, ಮುಖ ಕಾಣುವುದಿಲ್ಲ. ಅವರು ಓದುವಾಗ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಆಗಾಗ ಹೋಗಿ ಕೂರುತ್ತಿದ್ದರಂತೆ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂತೋನಿಯೊ ಮೊಸ್ಕೇನಿ ನೂರಕ್ಕೂ ಜಾಸ್ತಿ ವರ್ಷದ ಹಿಂದೆ ಗೋಡೆ, ಛಾವಣಿ ತುಂಬ ಚಿತ್ರ ಬರೆದ ಚಾಪೆಲ್ ಅದು. ಅಲ್ಲಿ ಯಾವ ಮುಖವೂ ಹೊಳೆಯುವುದಿಲ್ಲ, ಆದರೂ ಕೆಳಗೆ ಕೂತವರಿಗೆ ಎಲ್ಲ ಮುಖ ಕಾಣುತ್ತದೆ ಅಂದರು. ನಾನು ಎಷ್ಟೋ ಸಲ ಅಲ್ಲಿ ಪೂಜೆಗೆ ಹೋದವನು. ಮುಂದಿನ ಸಲ ಹೋದಾಗ ಅದನ್ನು ನೋಡಬೇಕು.

ಇನ್ನು ಅರ್ಧ ಅಂಕದ ವಿಷಯ.

ಒಂದು, ತಡ. ಡಿಸೆಂಬರ್ 10 ಅಂದಿದ್ದರು, 13ಕ್ಕೆ ಸಿಕ್ಕಿತು. ನವೆಂಬರ್ ಕೊನೆಗೆ ಮಳೆ ಬಂತು, ಪ್ಲಾಸ್ಟರ್ ಒಣಗಲಿಲ್ಲ, ಅದು ಅವರ ಕೈಯಲ್ಲಿ ಇಲ್ಲ. ಆದರೆ ತಡವಾಗುತ್ತದೆ ಅಂತ 9ನೇ ತಾರೀಕು ನಾನಾಗಿ ಫೋನ್ ಮಾಡಿದಾಗ ಹೇಳಿದರು. ಮೊದಲೇ ಹೇಳಬಹುದಿತ್ತು. ಗೋದಲಿ ಕಟ್ಟುವ ಹುಡುಗರು ರಜೆ ಹಾಕಿಕೊಂಡು ಕಾಯುತ್ತಿದ್ದರು. ಎರಡು, ಕತ್ತೆಯ ಒಂದು ಕಿವಿ ದಪ್ಪವಾಗಿದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಕೊಂಬಿಗೆ ಅಷ್ಟು ಅಳತೆ ನೋಡಿದವರು ಕಿವಿಯಲ್ಲಿ ಯಾಕೆ ತಪ್ಪಿದರೋ. ಮೂರು, ದೇವದೂತನ ಕೈಯಲ್ಲಿರುವ ಪಟ್ಟಿಯ ಮೇಲೆ 'ಗ್ಲೋರಿಯಾ ಇನ್ ಎಕ್ಸೆಲ್ಸಿಸ್ ದೇವೊ' ಅಂತ ಲ್ಯಾಟಿನ್‌ನಲ್ಲಿ ಇದೆ. ಹೊಸದಾಗಿ ಬರೆಯುವಾಗ ಎಕ್ಸೆಲ್ಸಿಸ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಫಾದರ್ ನೋಡಿ ಹೇಳಿದರು. ಫೋಟೋ ಕಳಿಸಿದ ದಿನವೇ ಸಂಜೆ ಮಗಳು ಸ್ಕೂಟರಿನಲ್ಲಿ ಬಂದು ಇಗರ್ಜಿಯಲ್ಲೇ ಕೂತು ಸರಿಮಾಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಾಗಾಗಿ ಅದಕ್ಕೆ ಅಂಕ ಕಳೆಯಲಿಲ್ಲ.

ಬಿಲ್ ಬೇಕಿದ್ದರೆ ಮೊದಲೇ ಹೇಳಿ. ಇಗರ್ಜಿಯ ಲೆಕ್ಕಕ್ಕೆ ಬೇಕೇ ಬೇಕಲ್ವಾ. ನಾವು ಕೇಳಿದ ಮೇಲೆ ಕೈಬರಹದಲ್ಲಿ ಬರೆದುಕೊಟ್ಟರು. ಮನುಷ್ಯರ ದೊಡ್ಡ ಮೂರ್ತಿ ಎಂಟಕ್ಕೆ ತಲಾ 600ರಂತೆ 4,800. ಬಾಳೊಕ್ ಜೆಜುವಿಗೆ 300. ಎತ್ತು, ಕತ್ತೆ, ಒಂಟೆಗೆ ತಲಾ 500ರಂತೆ 1,500. ಕುರಿ ಐದಕ್ಕೆ ತಲಾ 150ರಂತೆ 750. ಪ್ಲಾಸ್ಟರ್ ರಿಪೇರಿ ಎಲ್ಲ ಸೇರಿ 1,650. ಒಟ್ಟು 9,000. ಎನಾಮಲ್ ತೆಗೆಯುವುದಕ್ಕೆ ಬೇರೆ ದುಡ್ಡು ಹಾಕಿರಲಿಲ್ಲ. ಅಷ್ಟು ದಿನದ ಕೆಲಸಕ್ಕೆ ಇದು ಕಡಿಮೆಯೇ ಆಯಿತು ಅಂತ ನನಗೆ ಈಗಲೂ ಅನಿಸುತ್ತದೆ. ನೀವು ಹೋದರೆ ದಯವಿಟ್ಟು ಚೌಕಾಸಿ ಮಾಡಬೇಡಿ. ನಮ್ಮ ಮನೆಗಳಿಂದ ಹೋದ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಅವರಿಗೆ ಬಹಳ ಇಷ್ಟವಾಯಿತು. ಮಾಷ್ಟ್ರ ಮನೆಯವರು ಮೊಟ್ಟೆ ತಿನ್ನುವುದಿಲ್ಲ. ಅದಕ್ಕೆ ನೆವ್ರಿ, ತುಕ್ಡಿ, ಚಕ್ಕುಲಿ ಬೇರೆ ಎಣ್ಣೆಯಲ್ಲಿ ಕರಿದು, ಬೇರೆ ಡಬ್ಬಿಯಲ್ಲಿ ಕಳಿಸಿದ್ದೆವು.

ಮೂರ್ತಿ ವಾಪಸ್ ಕೊಡುವಾಗ ಮಾಷ್ಟ್ರು ಒಂದು ಹಾಳೆಯನ್ನೂ ಕೊಟ್ಟರು. ಅದರಲ್ಲಿ ಗೋದಲಿಯ ನಕ್ಷೆ. ಪ್ರತಿಯೊಬ್ಬರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ದಾರ ಹಿಡಿದು ಅಳೆದು, ಯಾರು ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕಿದ್ದರು. ನಾವು ಇಷ್ಟು ವರ್ಷ ಮಂಡಿಯೂರಿದ ಕುರುಬನನ್ನು ಬಲಗಡೆ ಇಡುತ್ತಿದ್ದೆವು. ಅವನ ಜಾಗ ಎಡಗಡೆ. ನಿಂತ ಕುರುಬ ನೋಡುವುದು ಮಗುವನ್ನಲ್ಲ, ಮೇಲಿರುವ ದೇವದೂತನನ್ನು. ಅವನನ್ನು ಸ್ವಲ್ಪ ದೂರ, ಕುರಿಗಳ ಹತ್ತಿರ ನಿಲ್ಲಿಸಬೇಕು. ಕಪ್ಪು ರಾಯರು ಒಂಟೆಯ ಪಕ್ಕ, ಎಲ್ಲರಿಗಿಂತ ಹಿಂದೆ. ನನ್ನ ಅಪ್ಪ ಹೇಗೆ ಇಡುತ್ತಿದ್ದರು ಅಂತ ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

16ರಿಂದ ಗೋದಲಿ ಕಟ್ಟಲು ಶುರುಮಾಡಿದೆವು. ಬಿದಿರಿನ ಚೌಕಟ್ಟು, ಮೇಲೆ ಮುಳಿಹುಲ್ಲು, ಹಿಂದೆ ಮುರಕಲ್ಲಿನ ಗೋಡೆ. ಪಾಚಿಯನ್ನು ತೋಡಿನ ಬದಿಯಿಂದ ಮಕ್ಕಳು ಎಬ್ಬಿಸಿ ತಂದರು. ಗದ್ದೆಗೆ ಬೇಕಾದ ಹಸಿರಿಗೆ ಅಡಿಕೆ ಹಾಳೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿದ್ದು 12ಕ್ಕೆ, 24ಕ್ಕೆ ಬೆರಳುದ್ದ ಆಗಿತ್ತು. ಬೆಳಕಿನ ವಿಷಯದಲ್ಲಿ ಮಗಳು ಹೇಳಿದ ಹಾಗೆ ಮಾಡಿದೆವು. ಒಳಗೆ ಒಂದೇ ಹಳದಿ ಬಲ್ಬು, ಮೇಲಿನಿಂದ, ಹಾಳೆಯ ಮರೆಯಲ್ಲಿ. ಮಿಣುಕುವ ಸೀರಿಯಲ್ ಲೈಟು ಹೊರಗಿನ ಹಲಸಿನ ಮರಕ್ಕೆ. ಹುಡುಗರು ಮೊದಲು ಒಪ್ಪಲಿಲ್ಲ. ಬಲ್ಬ್ ಹಾಕಿ ನೋಡಿದ ಮೇಲೆ ಅವರೇ ಒಳಗಿನ ಸೀರಿಯಲ್ ಬಿಚ್ಚಿದರು.

ನಮ್ಮಲ್ಲಿ ಬಾಳೊಕ್ ಜೆಜುವನ್ನು ಇಡುವುದು 24ರ ರಾತ್ರಿ ಪೂಜೆಯಲ್ಲಿ. ಅಲ್ಲಿಯವರೆಗೆ ಗೋದಲಿಯಲ್ಲಿ ಬರೀ ಬೈಹುಲ್ಲು. ಹಾಗಾಗಿ ಮೂರ್ತಿಗಳನ್ನು ಇಟ್ಟ ನಾಲ್ಕು ದಿನ ಎಲ್ಲರ ಕಣ್ಣೂ ಆ ಖಾಲಿ ಹುಲ್ಲಿನ ಮೇಲೇ ಇತ್ತು. ಗೋದಲಿ ಕಟ್ಟುತ್ತಿದ್ದ ಒಬ್ಬ ಹುಡುಗ, "ಅಂಕಲ್, ಇವರೆಲ್ಲ ಕಾಯುತ್ತಾ ಇದ್ದಾರೆ" ಅಂದ. ಹಿಂದೆ ಎಲ್ಲರೂ ನಮ್ಮ ಕಡೆ ನೋಡುತ್ತಿದ್ದಾಗ ಈ ಮಾತು ಯಾರಿಗೂ ಹೊಳೆದಿರಲಿಲ್ಲ. 24ರ ರಾತ್ರಿ ಫಾದರ್ ಮಗುವನ್ನು ತಂದು ಮಲಗಿಸಿದಾಗ ನಾನು ಬದಿಯಲ್ಲಿ ನಿಂತಿದ್ದೆ. ಆ ಅಜ್ಜಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದರು. ಪೂಜೆ ಮುಗಿದು ಎಲ್ಲರೂ ಹೊರಗೆ ಕೇಕು, ಕಾಫಿಗೆ ಹೋದರು. ಅವರು ಹೋಗಲಿಲ್ಲ. ಮೊಮ್ಮಗನ ಕೈ ಹಿಡಿದು ಬಂದು, ಬಗ್ಗಿ, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಾತಾಡಲಿಲ್ಲ. ಮರುದಿನ ಊರಿನವರೆಲ್ಲ ನೋಡಲು ಬಂದರು. ಮಾಷ್ಟ್ರೂ ಮಗಳೂ ಮನೆಯವರೆಲ್ಲರ ಜೊತೆ ಬಂದಿದ್ದರು. ಮಾಷ್ಟ್ರು ಕತ್ತೆಯ ಕಿವಿ ನೋಡಿ, ಅದನ್ನು ಇನ್ನೊಮ್ಮೆ ಮಾಡಿಕೊಡುತ್ತೇನೆ ಅಂದರು. ನಾನು ಹೇಳಿರಲಿಲ್ಲ.

ಕೊಡುವವರಿಗೆ ಕೆಲವು ವಿಷಯ. ನವರಾತ್ರಿ ಕಳೆದ ಕೂಡಲೇ ಕೊಡಿ, ನವೆಂಬರ್ ನಡುವಿನ ಮೇಲೆ ಅವರು ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ. ಮಣ್ಣು, ಪ್ಲಾಸ್ಟರ್ ಎರಡೂ ಮಾಡುತ್ತಾರೆ, ಫೈಬರ್ ಮಾಡುವುದಿಲ್ಲ. ಒಡೆದ ಚೂರುಗಳನ್ನು ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿ ಅದನ್ನೂ ಕೊಡಿ. ಹಳೆಯ ಫೋಟೋ ಇದ್ದರೆ ಒಯ್ಯಿರಿ. ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ರಸ್ತೆ, ಕಾರು ಕಷ್ಟ, ಜೀಪು ಹೋಗುತ್ತದೆ. ಹಬ್ಬ ಮುಗಿದ ಮೇಲೆ ತೆಗೆದಿಡುವಾಗ ಬೈಹುಲ್ಲು ಬೇಡ, ಪತ್ರಿಕೆಯೂ ಬೇಡ ಅಂದಿದ್ದಾರೆ. ಪತ್ರಿಕೆಯ ಶಾಯಿ ಹತ್ತುತ್ತದೆ. ಹಳೆಯ ಹತ್ತಿ ಸೀರೆ ತೊಳೆದು ಒಣಗಿಸಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿ, ನೆಲಕ್ಕೆ ತಾಗದ ಹಾಗೆ ಇಡಬೇಕು. ನಾವು ಜನವರಿಯಲ್ಲಿ ಯೇಸುವಿನ ದೀಕ್ಷಾಸ್ನಾನದ ಹಬ್ಬ ಕಳೆದ ಮೇಲೆ ಹಾಗೆಯೇ ಇಟ್ಟಿದ್ದೇವೆ. ಸೀರೆಗಳು ನಮ್ಮ ವಾಡೊದ ಮನೆಗಳಿಂದಲೇ ಬಂದವು. ಮೂರ್ತಿಗೆ ಸುತ್ತಿದ್ದ ಹಳೆಯ ರಾಕ್ಣೊ ಹಾಳೆಗಳನ್ನು ಫಾದರ್ ಬೇರೆ ಫೈಲಿನಲ್ಲಿ ಇಟ್ಟಿದ್ದಾರೆ.

ಶುಭ ಶುಕ್ರವಾರದ ಮೆರವಣಿಗೆಗೆ ತೆಗೆಯುವ ಶೋಕಮಾತೆಯ ಮೂರ್ತಿಯ ಕೈಯಲ್ಲೂ ಬಿರುಕಿದೆ. ಕೇಳಿದೆ. ಈಸ್ಟರ್ ಕಳೆದ ಮೇಲೆ ತನ್ನಿ, ಏಪ್ರಿಲ್ ಸೆಕೆಗೆ ಚೆನ್ನಾಗಿ ಒಣಗುತ್ತದೆ ಅಂದಿದ್ದಾರೆ. ಕತ್ತೆಯನ್ನೂ ಜೊತೆಗೆ ಒಯ್ಯುತ್ತೇವೆ.